ಹೊಸಲುಕಲ್ಲಿನ ಹಿಂದೆ

"ಚಪ್ಪಲಿ ಬುಡ್ರೇ ಮುಂಡೇರಾ. ಪೂಜೆ ಆಗಿರೋ ಹೊಸಲುಕಲ್ಲಿನ ಹಿಂದೆ ಮೆಟ್ಟಾಕ್ಕಂಡು ಬತ್ತೀರಾ?"

ಪಿಕಪ್ಪಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ಮಲ್ಲಿಕಾರ್ಜುನಯ್ಯ ಹೀಗೆಂದಾಗ, ನಾನೂ ರಾಧಾಮಣಿಯೂ ಚಪ್ಪಲಿ ಬಿಟ್ಟು ಬೇಲಿಯ ಬುಡಕ್ಕೆ ಸರಿಸಿದೆವು. ಗಾಡಿ ಆತನದು. ಬೆಟ್ಟದಾಚೆಯ ಊರಲ್ಲಿ ಗುಡಿ ಕಟ್ಟುವ ಕಂಟ್ರಾಕ್ಟೂ ಆತನದೇ. ಗಾಡಿಯ ಹಿಂದೆ ಹೇರಿದ್ದು ಆ ಗುಡಿಯ ಬಾಗಿಲಿಗೆ ಕೂರಿಸುವ ಹೊಸಲುಕಲ್ಲು. ಗಾಡಿ ಓಡಿಸುವ ಭೀಮರಾಜು ನನ್ನ ತಂಗಿಯ ಮಗ. ರಾಧಾಮಣಿ ಅವನ ಹೆಂಡತಿ.

ಚನ್ನರಾಯನದುರ್ಗ ದಾಟಿದ ಮೇಲೆ ಸಿಗುವ ಆ ಕಣಿವೆಯ ಏರಿಗೆ ಡಾಂಬರಿಲ್ಲ. ಬರೀ ಜಲ್ಲಿ, ಮಳೆ ಕೊರೆದ ಗುಂಡಿ. ಹ್ಯಾಂಡ್ ಬ್ರೇಕ್ ಹಿಡಿಯುವುದಿಲ್ಲ, ರಿಪೇರಿ ಮಾಡಿಸಿ ಅಂತ ಭೀಮರಾಜು ಹೇಳಿ ಹೇಳಿ ಸಾಕಾಗಿದ್ದ. ಬ್ರೇಕಿನ ಬದಲು ನಾವಿಬ್ಬರು. ಗಾಡಿ ಏದುಸಿರು ಬಿಟ್ಟು ನಿಂತ ಕಡೆಯೆಲ್ಲ ಹಿಂದಿನ ಗಾಲಿಗೆ ಕಲ್ಲು ಕೊಡಬೇಕು. ಅದು ಮುಂದೆ ಹೋದೊಡನೆ ಕಲ್ಲನ್ನೆತ್ತಿ ಸೊಂಟಕ್ಕಾನಿಸಿಕೊಂಡು ಹಿಂದೆಯೇ ನಡೆಯಬೇಕು.

ಕಡಿದಾದ ತಿರುವಿನಲ್ಲಿ ಗಾಡಿ ನಿಂತಿತು. ಕಾದ ಜಲ್ಲಿಯ ಮೇಲೆ ಬರಿಗಾಲು ಊರಲಾರದೆ ರಾಧಾಮಣಿ ಜಾರಿದಳು. ನಾನು ಈ ಕಡೆ ಕಲ್ಲು ಕೊಡುವಷ್ಟರಲ್ಲಿ ಗಾಡಿ ಒಂದು ಗೇಣು ಹಿಂದೆ ಬಂದಿತ್ತು. ಆ ಕಡೆಯ ಗಾಲಿಯಡಿ ಅವಳ ಕಲ್ಲು ಸಿಕ್ಕಿಕೊಂಡಿತು, ಕಲ್ಲಿನ ಜೊತೆ ಬಲಗೈಯೂ.

ಕೂಗಿದವಳು ನಾನು. ಭೀಮರಾಜು ಗಾಡಿಯನ್ನು ತುಸು ಮುಂದೆಳೆದ. ಕೈ ಬಂತು. ಬೆರಳುಗಳು ಬೆರಳಿನಂತಿರಲಿಲ್ಲ. ನಾನು ಮತ್ತೆ ಕಲ್ಲು ಕೊಟ್ಟು, ಎರಡೂ ಕೈಯಲ್ಲಿ ಅದುಮಿ ಹಿಡಿದು ಕೂತೆ. ಅವಳ ಬಳಿ ಹೋಗುವ ಹಾಗಿರಲಿಲ್ಲ.

ಭೀಮರಾಜು ಗಾಡಿಯನ್ನು ಗೇರಿನಲ್ಲಿ ನಿಲ್ಲಿಸಿ, ಇಳಿದು ಬಂದು ಟವೆಲ್ ಸುತ್ತಿದ. ಸುತ್ತಿದ್ದೆಲ್ಲ ತೊಯ್ದುಹೋಯಿತು. ಹಿಂದಿನ ತಿರುವಿನವರೆಗೆ ರಿವರ್ಸ್ ಹೋದರೆ ಗಾಡಿ ತಿರುಗಿಸಬಹುದು, ಬೇಗ ಕೊರಟಗೆರೆ ಆಸ್ಪತ್ರೆ ಮುಟ್ಟಿದರೆ ಬೆರಳು ಉಳಿದರೂ ಉಳಿದಾವು ಎಂದು ಮಲ್ಲಿಕಾರ್ಜುನಯ್ಯನನ್ನು ಬೇಡಿಕೊಂಡ. ಮುಹೂರ್ತ ಮೀರುತ್ತದೆ, ಪೂಜಾರಪ್ಪ ಕಾಯುತ್ತಿದ್ದಾರೆ, ಮೊದಲು ಹೊಸಲುಕಲ್ಲು ಇಳಿಯಲಿ ಎಂದು ಆತ ವಾಚು ನೋಡಿಕೊಂಡ. ಅವಳನ್ನು ಹಿಂದೆಯಾದರೂ ಹತ್ತಿಸುತ್ತೇನೆ ಎಂದು ಭೀಮರಾಜು ಹಿಂಬಾಗಿಲಿನ ಚಿಲಕ ತೆಗೆದ.

"ಲೇ, ಹತ್ತಿಸಬ್ಯಾಡ. ಒಂದು ತೊಟ್ಟು ರಕ್ತ ಬಿದ್ರೂ ಕಲ್ಲು ಮೈಲಿಗೆ ಆಯ್ತದೆ. ಅದ್ರಾಗೂ ನಿಮ್ಮೋರ ರಕ್ತ."

"ಆ ಕಲ್ಲ ಹೊತ್ತು ಗಾಡಿಗಾಕ್ದೋರು ಯಾರು ಸಾಮಿ?" ಎಂದೆ.

"ಬಾಯ್ಮುಚ್ಚಮ್ಮಿ. ಅದಕ್ಕೇ ಗಂಜಳ ಹಾಕಿ ತೊಳ್ಸಿರೋದು."

ಭೀಮರಾಜು ಹೆಂಡತಿಯ ರಕ್ತ ಅಂಟಿದ ಅಂಗೈಯನ್ನು ಅರಿಶಿನ ಕುಂಕುಮ ಬಳಿದ ಹೊಸಲುಕಲ್ಲಿನ ಮೇಲೆ ಊರಿದ. ಊರಿ, ಒತ್ತಿ, ತೆಗೆದ. ಆಮೇಲೆ ಅವಳನ್ನು ಬೆನ್ನಿಗೆ ಹಾಕಿಕೊಂಡು ಇಳಿಯತೊಡಗಿದ.

ಮಲ್ಲಿಕಾರ್ಜುನಯ್ಯ ಅವನ ತಾಯಿ, ತಂಗಿ, ಜಾತಿ ಎಲ್ಲವನ್ನೂ ಎತ್ತಿ ಬೈದ. ಬೈದು ಮುಗಿದ ಮೇಲೆ, ಇನ್ನೊಬ್ಬ ಡ್ರೈವರ್ ಬರೋವರೆಗೆ ಕಲ್ಲು ಹಿಡಿದುಕೊಂಡೇ ಇರು ಎಂದು ನನಗೆ ಹೇಳಿದ. ನಾನು ಕೈ ತೆಗೆದು ಎದ್ದೆ. ಗಾಲಿಯಡಿಯಲ್ಲಿ ಕಲ್ಲು ಕರಕ್ ಎಂದಿತು. ಗಾಡಿ ಜಾರೀತೆಂದು ಆತ ಬಾಗಿಲು ತೆಗೆದು ಜಿಗಿದ ಸದ್ದು ಕೇಳಿತು. ನಾನು ತಿರುಗಿ ನೋಡದೆ ಇಳಿದು ಅವರಿಬ್ಬರನ್ನು ಕೂಡಿಕೊಂಡೆ.

ಆ ಹೊತ್ತಿನಲ್ಲಿ ಆ ದಾರಿಗೆ ಬೇರೆ ಗಾಡಿ ಬರುವುದಿಲ್ಲ. ಬಸ್ಸು ಸಿಗುವ ಊರು ಬೆಟ್ಟದ ಕೆಳಗೆ ಅಂಗೈಯಷ್ಟು ಕಾಣುತ್ತಿತ್ತು. ಭೀಮರಾಜುವಿನ ಹೆಗಲ ಮೇಲಿಂದ ರಾಧಾಮಣಿ ಟವೆಲ್ ಸುತ್ತಿದ ಕೈಯನ್ನು ನನ್ನತ್ತ ಚಾಚಿದಳು.

"ಅತ್ತೆ, ಬೆರಳು ಅವಾ ನೋಡು."

ಟವೆಲ್ ಬಿಚ್ಚಿ ನೋಡಿದೆ. ಮತ್ತೆ ಸುತ್ತಿದೆ.

"ಅವೆ ಕಣವ್ವ," ಎಂದೆ.