ಮ್ಯಾಗ್ನೆಟೋದಲ್ಲಿ ತುಳಸಿ ಎಲೆ

ತುಕ್ರಪ್ಪನ ಕಾಲ್ಬೆರಳ ಸಂದುಗಳು ಕೆಸರಲ್ಲಿ ಕೊಳೆತು, ಹೆಜ್ಜೆಯಿಟ್ಟಲ್ಲೆಲ್ಲ ಉರಿಯುತ್ತಿದ್ದವು. ಬೆಳಗ್ಗೆ ಕುಡಿದ ಗಂಜಿತಿಳಿ ಎರಡು ಸುತ್ತು ಹೂಡುವಷ್ಟರಲ್ಲೇ ಕರಗಿತ್ತು. ವಾಮದಪದವಿನ ಆಚೆಯ ಮೂರು ಮುಡಿ ಭತ್ತ ಬಿತ್ತುವಷ್ಟಿದ್ದ ಆ ಗದ್ದೆಯನ್ನು ಅವನ ಅಪ್ಪ ಹೂಡಿ ಹೂಡಿ ಸತ್ತ. ಈಗ ಇವನ ಸರದಿ. ಗದ್ದೆ ಮಾತ್ರ ಗುತ್ತಿನ ಮನೆಯ ಸಂಕಪ್ಪ ಶೆಟ್ಟರದ್ದು. ಶೆಟ್ಟರ ಕಾಲಿಗೆ ಕೆಸರು ತಾಗಿದ್ದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ.

ಅಂಥ ಶೆಟ್ಟರಿಗೆ ೧೯೬೫ರಲ್ಲಿ ಒಮ್ಮೆಲೇ ಬೇಸಾಯದ ಹುಚ್ಚು ಹಿಡಿಯಿತು. ಸ್ವಂತ ಸಾಗುವಳಿ ಎಂದು ತೋರಿಸಿದರೆ ಒಕ್ಕಲನ್ನು ಬಿಡಿಸಬಹುದು ಎಂದು ಯಾರೋ ವಕೀಲ ಕಿವಿಯೂದಿದ್ದ. ಊರು ಬಿಟ್ಟ ಬಿಳಿ ದೊರೆಯೊಬ್ಬನ ಹೂದೋಟದ ಪುಟ್ಟ ಟ್ರಾಕ್ಟರು ಮೂಡಬಿದ್ರೆಯ ಗುಜರಿಯಲ್ಲಿತ್ತು. ಶೆಟ್ಟರು ಅದನ್ನು ಎತ್ತಿನ ಗಾಡಿಯಲ್ಲಿ ಮೆರವಣಿಗೆ ಮಾಡಿಸಿ ತಂದು, ತುಳಸಿಕಟ್ಟೆಯ ಪಕ್ಕ ನಿಲ್ಲಿಸಿ, ಕುಂಕುಮ ಹಚ್ಚಿ ಪೂಜೆ ಮಾಡಿಸಿದರು. ಯಂತ್ರ ಪೂಜೆ ಸ್ವೀಕರಿಸಿತು. ಓಡಲು ಮಾತ್ರ ಒಪ್ಪಲಿಲ್ಲ.

ತುಕ್ರಪ್ಪ ಹಿಂದೆ ಪಾಣೆಮಂಗಳೂರಿನಲ್ಲಿ ಮಹಮ್ಮದ್ ಕುಂಞಿಯ ಮೋಟಾರು ಗ್ಯಾರೇಜಿನಲ್ಲಿ ಎರಡು ವರ್ಷ ದುಡಿದಿದ್ದ. ಹಾಗಾಗಿ ಅಂಗಳದ ಹೊರಗೇ ನಿಲ್ಲಬೇಕಾದ ಜಾತಿಯವನಿಗೆ ಅಂದು ತುಳಸಿಕಟ್ಟೆಯವರೆಗೆ ಬರಲು ಅಪ್ಪಣೆಯಾಯಿತು.

"ತುಕ್ರಾ, ಇದಕ್ಕೇನಾಗಿದೆ ನೋಡು ಮಾರಾಯ."

ತುಕ್ರಪ್ಪ ಪ್ಲಗ್ ಬಿಚ್ಚಿ ಇಂಜಿನಿನ ಮೈಗೆ ಹಿಡಿದು ಹಗ್ಗ ಎಳೆದ.

"ಪೆಟ್ರೋಲು ಸರಿ ಉಂಟು ಧಣಿ. ಕಿಡಿ ಬರುವುದಿಲ್ಲ. ಕಿಡಿ ಹುಟ್ಟಿಸುವ ಮ್ಯಾಗ್ನೆಟೋ ಸತ್ತಿದೆ."

"ಬದುಕಿಸು. ನಾಳೆ ರೆವಿನ್ಯೂ ಇನ್‌ಸ್ಪೆಕ್ಟರರು ಬರ್ತಾರೆ. ಇದು ಓಡಿದರೆ ನಿನ್ನ ಗದ್ದೆ ನನ್ನ ಸ್ವಂತ ಸಾಗುವಳಿ ಅಂತ ಬರೀತಾರೆ. ಓಡದಿದ್ದರೆ ನಿನ್ನ ಗುಡಿಸಲು ಕೀಳಿಸ್ತೇನೆ."

ಓಡಿದರೆ ಗದ್ದೆ, ಓಡದಿದ್ದರೆ ಗುಡಿಸಲು. ಯಾವುದನ್ನು ಕಳೆದುಕೊಳ್ಳಬೇಕೆಂದು ಆರಿಸಿಕೊಳ್ಳಲು ಬಿಟ್ಟಿದ್ದರಲ್ಲ, ಧಣಿಗಳದ್ದು ದೊಡ್ಡ ಮನಸ್ಸು.

ಮನೆಯಲ್ಲಿ ಹೆಂಡತಿ ಮಕ್ಕಳಿದ್ದರು. ತುಕ್ರಪ್ಪ ಮ್ಯಾಗ್ನೆಟೋದ ಮುಚ್ಚಳ ತೆಗೆದ. ಒಳಗಿನ ಪಾಯಿಂಟುಗಳು ಕರಿಹಿಡಿದಿದ್ದವು. ಮರಳು ಕಾಗದದಿಂದ ಉಜ್ಜಿ, ಸಂದು ಸರಿಮಾಡಿ ಹಗ್ಗ ಎಳೆದ. ನೀಲಿ ಕಿಡಿ ಹಾರಿತು. ಪ್ಲಗ್ ಹಾಕಿ ಮತ್ತೊಮ್ಮೆ ಎಳೆದಾಗ ಟ್ರಾಕ್ಟರು ಗುಡುಗಿತು. ಶೆಟ್ಟರು ಸಂತೋಷದಿಂದ, ದೂರದಿಂದಲೇ, ಅವನನ್ನು ಹೊರಗೆ ಹೋಗೆಂದು ಕೈಬೀಸಿದರು.

ಮರುದಿನ ಇನ್‌ಸ್ಪೆಕ್ಟರರು ಬಂದು ಕುರ್ಚಿಯಲ್ಲಿ ಕುಳಿತರು. ಪಕ್ಕದ ಗದ್ದೆಯ ಒಕ್ಕಲು ಶೀನಪ್ಪನೂ ಶೆಟ್ಟರ ಉಳಿದ ಒಕ್ಕಲುಗಳೂ ಬೇಲಿಯಾಚೆ ನಿಂತರು. ಇಂದು ತುಕ್ರಪ್ಪನ ಗದ್ದೆ, ನಾಳೆ ತಮ್ಮದು ಎಂದು ಅವರಿಗೆ ಗೊತ್ತಿತ್ತು. ಶೆಟ್ಟರು ಬಿಳಿ ಮುಂಡು ಎತ್ತಿ ಕಟ್ಟಿ ಹಗ್ಗ ಎಳೆದರು. ಇಂಜಿನು ಕೆಮ್ಮಲೂ ಇಲ್ಲ. ಹತ್ತು ಸಲ ಎಳೆಯುವಾಗ ಮುಂಡೇ ಜಾರತೊಡಗಿತು. ಅಂಗಳದಿಂದಲೇ ಕಾಣುವ ಗದ್ದೆಯಲ್ಲಿ ಹೂಡುತ್ತಿದ್ದ ತುಕ್ರಪ್ಪನನ್ನು ಕೂಗಿ ಕರೆಸಿದರು.

ಅವನು ಮುಚ್ಚಳ ತೆಗೆದ. ಒಳಗೆಲ್ಲ ನೀರು. ನೀರಲ್ಲೊಂದು ತುಳಸಿ ಎಲೆ.

"ಇದರೊಳಗೆ ನೀರು ಹೇಗೆ ಬಂತು ಧಣಿ?"

"ನಾನೇ ಮುಚ್ಚಳ ತೆಗೆಸಿ ಮೂರು ಕೊಡ ತುಳಸಿ ನೀರು ಹೊಯ್ದೆ" ಎಂದರು ಬಾಗಿಲಲ್ಲಿದ್ದ ಶೆಟ್ಟರ ಹೆಂಡತಿ ಅಮ್ಮಣ್ಣಿ. "ನೀನು ಮುಟ್ಟಿದ್ದಲ್ಲವಾ? ಶುದ್ಧ ಮಾಡುವುದು ಬೇಡವಾ?"

ಬೇಲಿಯಾಚೆ ನಗು ಸಿಡಿಯಿತು.

"ಒರೆಸು ತುಕ್ರಾ, ಬೇಗ ಒರೆಸು!" ಶೆಟ್ಟರು ಹಲ್ಲು ಕಚ್ಚಿದರು.

ಒಣಬಟ್ಟೆಯಲ್ಲಿ ಒರೆಸಿದರೆ ಸಾಕಿತ್ತು. ಆದರೆ ತುಕ್ರಪ್ಪನಿಗೆ ಸಿಟ್ಟು ನೆತ್ತಿಗೇರಿತ್ತು. ಗುಡಿಸಲು ಹೋದರೆ ಹೋಗಲಿ ಅನ್ನಿಸಿತು. ಮುಚ್ಚಳವನ್ನು ನೆಲಕ್ಕಿಟ್ಟ.

"ನಾನು ಮುಟ್ಟುವುದಿಲ್ಲ. ಮುಟ್ಟಿದರೆ ಅಮ್ಮನಿಗೆ ಮತ್ತೆ ನೀರು ಹೊರುವ ಕೆಲಸ. ಅಮ್ಮಾ, ಗದ್ದೆಯ ಒಂದೊಂದು ಪೈರನ್ನೂ ಮುಟ್ಟಿದವ ನಾನು. ಆ ಅಕ್ಕಿ ಉಂಡ ಧಣಿಗಳ ಹೊಟ್ಟೆಗೆ ಎಷ್ಟು ಕೊಡ ಹೊಯ್ದಿದ್ದೀರಿ?"

ಉತ್ತರಕ್ಕೆ ಕಾಯದೆ ಗದ್ದೆಗಿಳಿದು ಕೋಣಗಳನ್ನು ಹೊಡೆಯುತ್ತ ಮತ್ತೆ ಹೂಡತೊಡಗಿದ.

ಇನ್‌ಸ್ಪೆಕ್ಟರರು ಮಧ್ಯಾಹ್ನದ ಕೋಳಿ ಊಟವನ್ನು ನೆನೆದೇ ಬಂದವರು. ಆದರೂ ಅಷ್ಟು ಕಣ್ಣುಗಳ ಎದುರು ಏನಾದರೂ ಕೇಳಲೇಬೇಕಿತ್ತು.

"ಅಲ್ಲಿ ಹೂಡುತ್ತಿರುವುದು ಯಾರು?"

"ಅವನಾ? ನಮ್ಮ ಗದ್ದೆ ಹೂಡುವ ತುಕ್ರ" ಎಂದುಬಿಟ್ಟರು, ಏದುಸಿರು ಬಿಡುತ್ತಿದ್ದ ಶೆಟ್ಟರು. ನಾಲಿಗೆ ಕಚ್ಚಿಕೊಂಡಾಗ ಮಾತು ಹೊರಬಿದ್ದಾಗಿತ್ತು.

"ಹಾಗಾದರೆ ಸಾಗುವಳಿ ಮಾಡುವವ ಅವನೇ. ಪೂರ್ತಿ ಹೆಸರು?"

ಶೆಟ್ಟರು ಜಾರುತ್ತಿದ್ದ ಮುಂಡನ್ನು ಬಿಗಿದುಕೊಳ್ಳತೊಡಗಿದರು. ಶೀನಪ್ಪ ಬೇಲಿ ದಾಟಿ ಅಂಗಳದ ನಡುವೆ ಬಂದು ನಿಂತ.

"ತುಕ್ರಪ್ಪ. ಬರೆಯಿರಿ ಸ್ವಾಮಿ. ಆಮೇಲೆ ನನ್ನ ಹೆಸರು ಬರೆಯಿರಿ, ಶೀನಪ್ಪ. ಬೇಲಿಯ ಹತ್ತಿರ ಇನ್ನೂ ಹನ್ನೊಂದು ಜನ ಇದ್ದಾರೆ. ಕಾಗದ ಸಾಕಷ್ಟು ತಂದಿದ್ದೀರಲ್ಲಾ?"