ದಾಸವಾಳ ಕಾಯುವ ಕ್ಯಾಮೆರಾ

ಇನ್ನೂ ಪೂರ್ತಿ ಬೆಳಕು ಹರಿದಿರಲಿಲ್ಲ. ಹೊರಗೆ ಚಿಟ್ ಎಂದಿತು. ವಾರಿಜಾ ಹಾಸಿಗೆಯಲ್ಲೇ ಕಿವಿ ನಿಮಿರಿಸಿದಳು. ದಾಸವಾಳದ ತೊಟ್ಟು ಮುರಿದ ಸದ್ದು. ಎದ್ದು ನೋಡುವ ಧೈರ್ಯವಿರಲಿಲ್ಲ. ನೋಡುವುದಕ್ಕೆಂದೇ ಕ್ಯಾಮೆರಾ ಇತ್ತಲ್ಲ.

ದೇವರಿಗೆಂದು ಪಕ್ಕದವರ ಕಾಂಪೌಂಡಿನ ಹೂವು ಕಿತ್ತರೆ ಕಳ್ಳತನವಲ್ಲ ಎಂದು ತ್ಯಾಗರಾಜನಗರದಲ್ಲಿ ವಾಕಿಂಗ್ ಹೋಗುವವರೆಲ್ಲ ನಂಬಿದ್ದಾರೆ. ವಾರಿಜಾ ನಂಬಿರಲಿಲ್ಲ. ಹಾಗಾಗಿ ಅವಳ ಗಂಡ ಮಾಧವ ಅಂಗೈಯಗಲದ ಕಂಪ್ಯೂಟರ್ ಬೋರ್ಡಿಗೆ ವೆಬ್‌ಕ್ಯಾಮ್ ಸಿಕ್ಕಿಸಿ ಕಿಟಕಿಯಲ್ಲಿಟ್ಟಿದ್ದ. ವಿಡಿಯೊ ಮಾತ್ರ ಕುಂಟುತ್ತಿತ್ತು, ಆಗಾಗ ನಿಂತೇಬಿಡುತ್ತಿತ್ತು. ಒಂದು ಚಿತ್ರದಲ್ಲಿ ಗಿಡದ ತುಂಬ ಹೂವು, ಗೇಟಿನ ಮುಂದೆ ಕೈಚೀಲ ಹಿಡಿದ ಎದುರುಮನೆಯ ವೆಂಕಟಾಚಲ. ಮುಂದಿನದರಲ್ಲಿ ಬೋಳು ಗಿಡ. ಎರಡನ್ನೂ ಅವಳು ರಸ್ತೆಯ ವಾಟ್ಸಾಪ್ ಗ್ರೂಪಿಗೆ ಹಾಕಿ, ಯಾರೆಂದು ತಾನು ಹೇಳುವುದಿಲ್ಲ ಎಂದೂ ಬರೆದಿದ್ದಳು. ಪೂರ್ತಿ ವಿಡಿಯೊ ತೋರಿಸಿ, ಇಲ್ಲವೇ ಭಾನುವಾರದ ಮೀಟಿಂಗಿನಲ್ಲಿ ಕ್ಷಮೆ ಕೇಳಿ ಎಂದು ವೆಂಕಟಾಚಲ ಪಟ್ಟು ಹಿಡಿದಿದ್ದರು.

ಮಾಧವ ಕೇಬಲ್ ಬದಲಿಸಿದ, ಅಡಾಪ್ಟರ್ ಬದಲಿಸಿದ, ಕೊನೆಗೆ ಬೋರ್ಡೇ ದಂಡ ಎಂದ. "ಕ್ವಾಲಿಟಿ ಮಾತ್ರ ಮುಟ್ಬೇಡ ಕಣೇ. ಸಾಕ್ಷಿ ಅಂದ್ಮೇಲೆ ಒಂದೊಂದು ಎಲೆನೂ ಕಾಣ್ಬೇಕು."

ತೊಂದರೆ ಅಲ್ಲೇ ಇತ್ತು. ಅಷ್ಟು ದೊಡ್ಡ ಚಿತ್ರಗಳನ್ನು ಕುಗ್ಗಿಸದೆ ಕಳಿಸಿದರೆ ಆ ಸಣ್ಣ ಬೋರ್ಡು ಏದುಸಿರು ಬಿಡದೆ ಏನು ಮಾಡೀತು? ಹಿಂದಿನ ಸಂಜೆ ಅವನಿಲ್ಲದಾಗ ವಾರಿಜಾ ಚಿತ್ರದ ಅಳತೆ ಇಳಿಸಿ, ಕ್ಯಾಮೆರಾದಲ್ಲೇ ಕುಗ್ಗಿಸಿ ಕಳಿಸುವಂತೆ ಸೆಟ್ಟಿಂಗ್ ಬದಲಿಸಿದ್ದಳು.

ಈಗ ಎದ್ದು ತೆರೆದು ನೋಡಿದರೆ ಬೆಳಗಿನ ವಿಡಿಯೊ ನೀರಿನಂತೆ ಹರಿಯಿತು. ವೆಂಕಟಾಚಲ ಬಂದರು, ಬಗ್ಗಿ ಶೂ ಲೇಸು ಕಟ್ಟಿಕೊಂಡರು, ಹೋದರು. ಆಮೇಲೆ ಅವಳ ಮನೆಯದೇ ಪಕ್ಕದ ಬಾಗಿಲು ತೆರೆಯಿತು. ಅತ್ತೆ. ಹೂವೆಲ್ಲ ಬಿಡಿಸಿ ಕಾಂಪೌಂಡಿನಾಚೆ ನಿಂತಿದ್ದ ಪಕ್ಕದ ಮನೆಯ ಲಕ್ಷ್ಮಿದೇವಮ್ಮನ ಸೆರಗಿಗೆ ಸುರಿದರು. ಆಕೆ ಇತ್ತ ಚಾಚಿದ್ದು ಮಡಿಸಿದ ಒಬ್ಬಟ್ಟು. ಅತ್ತೆಗೆ ಸಕ್ಕರೆ ಕಾಯಿಲೆ. ಸಿಹಿಯ ಡಬ್ಬಕ್ಕೆ ಬೀಗ ಹಾಕಿ ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡವಳು ವಾರಿಜಾಳೇ. ಅತ್ತೆ ನಿಂತಲ್ಲೇ ಕಣ್ಣು ಮುಚ್ಚಿ ತಿಂದರು, ಬೆರಳು ಚೀಪಿದರು. ಎಲ್ಲೂ ತಡವರಿಸದೆ ಎಲ್ಲವೂ ಕಂಡಿತು.

ಸಕ್ಕರೆಯಿಲ್ಲದ ಕಾಫಿ ಕುಡಿಯುತ್ತ ಅತ್ತೆ ನಿಟ್ಟುಸಿರಿಟ್ಟರು. "ಇವತ್ತೂ ಒಂದು ಹೂವಿಲ್ಲ ನೋಡಮ್ಮ. ಎಂಥಾ ಜನಾನೋ."

"ಏನಾದ್ರೂ ಕಾಣಿಸ್ತಾ?" ಎಂದ ಮಾಧವ.

"ಅದೇ ಹಳೇ ಕಥೆ. ಮಧ್ಯದಲ್ಲೇ ನಿಂತೋಯ್ತು."

"ನಾನ್ ಹೇಳ್ಲಿಲ್ವಾ, ಬೋರ್ಡೇ ದಂಡ ಅಂತ."

ಅವನು ಸ್ನಾನಕ್ಕೆ ಹೋದಾಗ ವಾರಿಜಾ ಆ ವಿಡಿಯೊ ಅಳಿಸಿ, ಕ್ಯಾಮೆರಾವನ್ನು ಅವನಿಷ್ಟದ ಕ್ವಾಲಿಟಿಗೇ ತಿರುಗಿಸಿದಳು. ಮಧ್ಯಾಹ್ನ ಅತ್ತೆಯ ತಟ್ಟೆಗೆ ಅನ್ನ ಒಂದು ಹಿಡಿ ಕಡಿಮೆ ಬಡಿಸಿದರಾಯಿತು. ಭಾನುವಾರ ಎಲ್ಲರೆದುರು ವೆಂಕಟಾಚಲರ ಕ್ಷಮೆ ಕೇಳುವುದು: ಕ್ಯಾಮೆರಾ ನಿಧಾನ, ನಾನೇ ಅವಸರಪಟ್ಟೆ ಎಂದಷ್ಟೇ. ಕಂಡದ್ದನ್ನು ಮಾತ್ರ ಯಾರಿಗೂ ಹೇಳುವುದಿಲ್ಲ.