ಸಾಯದ ಹುಲ್ಲು

ಮನೆಯಲ್ಲಿ ಅತ್ತೆ, ಕೆಲಸದಲ್ಲಿ ಮೇಡಂ. ಫುಟ್‌ಬಾಲ್ ಮೈದಾನದ ಹುಲ್ಲುಹಾಸನ್ನು ನೋಡಿಕೊಳ್ಳುವ ತಂಡಕ್ಕೆ ಆಕೆಯೇ ಮುಖ್ಯಸ್ಥೆ. ಔಷಧಿ ಹೊಡೆಯುವವನು ಸ್ವಂತ ಅಳಿಯ. ಆಟಗಾರರು ಆಕೆಗೆ ಇಟ್ಟ ಹೆಸರು ಸೂಜಿಗಣ್ಣು. ಗೇಟಿನಲ್ಲಿ ನಿಂತೇ ಆಕೆ ಮೈದಾನದ ನಡುವೆ ಹುಟ್ಟಿದ ಬೇರೆ ಜಾತಿಯ ಹುಲ್ಲಿನ ಎಳೆಯನ್ನು ಗುರುತಿಸುತ್ತಿದ್ದರು. ಹಾಗಾಗಿ ಅಳಿಯನಿಗೆ ಊಟದ ಹೊತ್ತಿನಲ್ಲೂ ಪರೀಕ್ಷೆ ತಪ್ಪುತ್ತಿರಲಿಲ್ಲ.

ಆ ವರ್ಷ ಗೋಲುಕಂಬದ ಮುಂದೆ ತಿಳಿಹಸಿರು ಕಳೆಯೊಂದು ಮಚ್ಚೆಮಚ್ಚೆಯಾಗಿ ಎದ್ದಿತು. ಅಳಿಯ ಎಂದಿನ ಕಳೆನಾಶಕ ಹೊಡೆದ. ಪಕ್ಕದ ಬೇರೆ ಕಳೆಗಳೆಲ್ಲ ಒಣಗಿದವು. ಇದು ಮಾತ್ರ ಆಗತಾನೇ ಮಿಂದು ಬಂದಂತೆ ನಳನಳಿಸುತ್ತಿತ್ತು.

ಕ್ಲಬ್ಬಿನ ಮ್ಯಾನೇಜರ್ ಬಂದು ಬೂಟಿನ ತುದಿಯಿಂದ ಅದನ್ನು ಕೆದಕಿದರು. "ಡೋಸ್ ಡಬಲ್ ಮಾಡಿ, ಮುಗೀತು. ಫೈನಲ್ ಹತ್ರ ಬಂತು."

ಅಳಿಯನಿಗೂ ಅದೇ ಸರಿಯೆನಿಸಿ ಡಬ್ಬಕ್ಕೆ ಕೈಹಾಕಿದ.

"ಮುಚ್ಚು ಅದನ್ನ," ಅಂದರು ಅತ್ತೆ. "ನೀನು ಸರಿಯಾಗಿ ಹೊಡೆದಿಲ್ವೋ, ಇಲ್ಲಾ ಅದಕ್ಕೆ ಔಷಧಿನೇ ನಾಟ್ತಿಲ್ವೋ, ಮೊದಲು ಗೊತ್ತಾಗ್ಲಿ."

"ಸರಿಯಾಗೇ ಹೊಡೆದಿದ್ದೀನಿ, ಅತ್ತೆ!"

"ಇಲ್ಲಿ ಮೇಡಂ."

ಆಕೆ ಗೋಲಿನ ಮುಂದಿನ ಕೆಲವು ಗಿಡಗಳನ್ನು ಬೇರುಸಹಿತ ಎತ್ತಿದರು. ಎಂದೂ ಔಷಧಿ ಕಾಣದ ಪಾರ್ಕಿನಿಂದ ಅದೇ ಜಾತಿಯ ಗಿಡಗಳನ್ನು ತಂದರು. ಎಲ್ಲವನ್ನೂ ಶೆಡ್ಡಿನ ಹಿಂದೆ ಕುಂಡಗಳಲ್ಲಿ ನೆಟ್ಟು, ಬೆಳಗ್ಗೆ ಸಂಜೆ ನೀರು ಹಾಕಿದರು. ಅದನ್ನು ಕಂಡು ಅವರ ಮಗಳು ಗಂಡನಿಗೆ ಹೇಳಿದಳು: "ನನ್ನನ್ನೂ ಅಮ್ಮ ಇಷ್ಟು ಮುದ್ದು ಮಾಡಿ ಸಾಕಿರಲಿಲ್ಲ ಕಣ್ರೀ."

ಗಿಡಗಳು ಚೇತರಿಸಿಕೊಂಡ ಮೇಲೆ ಎರಡು ಬಗೆಗೂ ಒಂದೇ ಔಷಧಿ, ಒಂದೇ ಅಳತೆ. ಪಾರ್ಕಿನವು ಹಳದಿಗಟ್ಟಿ ಸತ್ತವು. ಮೈದಾನದವು ತೆನೆ ಬಿಡಲು ಹೊರಟಿದ್ದವು.

"ತಪ್ಪು ನಿನ್ನದಲ್ಲ," ಅಂದರು ಅತ್ತೆ. ಅಳಿಯನ ಎದೆಯಿಂದ ಕಲ್ಲು ಇಳಿದಂತಾಯಿತು. "ವರ್ಷಾ ವರ್ಷ ಅದೇ ಔಷಧಿ. ಎಲ್ಲೋ ಒಂದು ಗಿಡ ಅದನ್ನ ಅರಗಿಸ್ಕೊಂಡು ಉಳೀತು. ಅಕ್ಕಪಕ್ಕದೋರನ್ನೆಲ್ಲ ನಾವೇ ಸಾಯ್ಸಿ ಅದಕ್ಕೆ ಜಾಗ ಮಾಡ್ಕೊಟ್ವಿ. ಈಗಿರೋವೆಲ್ಲ ಅದರ ಮಕ್ಕಳು, ಮೊಮ್ಮಕ್ಕಳು. ಡಬಲ್ ಹೊಡೆದ್ರೆ ನಮ್ಮ ಒಳ್ಳೇ ಹುಲ್ಲೇ ಸುಟ್ಟುಹೋಗೋದು."

ಬೀಜ ಉದುರುವ ಮುಂಚೆ ಎಲ್ಲವನ್ನೂ ಕಿತ್ತು, ಖಾಲಿ ಜಾಗಕ್ಕೆ ಹೊಸ ಹುಲ್ಲುಹಾಸು ಕೂರಿಸಬೇಕೆಂದು ಆಕೆ ಮ್ಯಾನೇಜರಿಗೆ ಹೇಳಿದರು.

"ಟೀವೀಲಿ ತೇಪೆ ಹಾಕಿದ ಚಾಪೆ ಥರ ಕಾಣತ್ತೆ, ಮೇಡಂ!"

"ಕಾಣ್ಲಿ. ಬೀಜ ಬಿದ್ರೆ ಮುಂದಿನ ವರ್ಷ ತೇಪೆ ಹಾಕೋಕೂ ಜಾಗ ಇರಲ್ಲ. ಬೈಯೋರು ನನ್ನನ್ನ ಬೈಲಿ."

ದನಿ ಒಂದಿಷ್ಟೂ ಏರಲಿಲ್ಲ. ಮ್ಯಾನೇಜರ್ ನಿಮ್ಮಿಷ್ಟ ಎಂಬಂತೆ ತಲೆಯಾಡಿಸಿ ಹೊರಟುಹೋದರು. ಆ ಧೈರ್ಯ ತನಗೆ ಈ ಜನ್ಮದಲ್ಲಿ ಬಂದೀತೇ ಎಂದುಕೊಂಡ ಅಳಿಯ.

ಮಂಡಿನೋವಿದ್ದರೂ ಕಳೆ ಕೀಳುವ ಚಾಕು ಹಿಡಿದು ಅತ್ತೆಯೇ ಮೊದಲು ನೆಲಕ್ಕೆ ಕೂತರು. ಉಳಿದವರು ಸಾಲಾಗಿ ಕೂತರು. ಅಭ್ಯಾಸ ಮುಗಿಸಿದ ಗೋಲ್‌ಕೀಪರ್ ಕೂಡ ಬಂದ. "ಈ ಜಾಗದಲ್ಲಿ ನನ್ನಷ್ಟು ಬಿದ್ದೋರು ಯಾರೂ ಇಲ್ಲ. ಕೊಡಿ ಒಂದು ಚಾಕು," ಅಂದ.

ಫೈನಲ್ ತೇಪೆಗಳ ಮೇಲೆಯೇ ನಡೆಯಿತು. ನೋಡಿದವರು ನಕ್ಕರು, ಪತ್ರಿಕೆಯೊಂದು ಛೇಡಿಸಿತು. ಅತ್ತೆ ಜಗ್ಗಲಿಲ್ಲ. ಹುಲ್ಲು ಕತ್ತರಿಸುವ ಯಂತ್ರಕ್ಕೆ ಕಳೆಬೀಜ ಅಂಟಿ ಮೈದಾನದ ಬೇರೆ ಕಡೆಗೆ ಹೋಗದಂತೆ ಪ್ರತಿ ಸಲ ತೊಳೆಸಿದರು. ಮಣ್ಣಿಗೆ ಬಿಸಿಲು ತಾಗಿ ಕಳೆ ಮೊಳೆಯದಿರಲೆಂದು ಹುಲ್ಲನ್ನು ತುಸು ಎತ್ತರವಾಗಿ, ದಟ್ಟವಾಗಿ ಬೆಳೆಸಿದರು. ಬೀಜ ಮೊಳೆಯದಂತೆ ತಡೆಯುವ ಬೇರೆ ಬಗೆಯ ಔಷಧಿ ತರಿಸಿ, ಅದನ್ನೂ ಸತತವಾಗಿ ಬಳಸಗೊಡಲಿಲ್ಲ.

ಮರುವರ್ಷ ಹುಡುಕಿದರಷ್ಟೇ ಸಿಗುವಷ್ಟು ಕಳೆ. ಬೇರೆ ಮೈದಾನಗಳವರು ನೋಡಲು ಬಂದರು. ಅತ್ತೆ ಅಳಿಯನನ್ನೇ ಮುಂದೆ ತಳ್ಳಿದರು. ಅವನು ಮೊದಲು ತಡವರಿಸಿದರೂ ಆಮೇಲೆ ತಡೆಯಿಲ್ಲದೆ ವಿವರಿಸಿದ.

"ಹಾಗಾದ್ರೆ ಕಳೆ ಪೂರ್ತಿ ಹೋಯ್ತು ಅನ್ನಿ," ಅಂದ ಒಬ್ಬ.

"ಇಲ್ಲ ಸಾರ್, ಮಣ್ಣಲ್ಲಿ ಬೀಜ ಇನ್ನೂ ಇದೆ. ನಾವು ಸುಮ್ನಾದ್ರೆ ಅದು ಎದ್ದು ಕೂರತ್ತೆ," ಅಂದ ಅಳಿಯ. ಬಂದವರು ಒಬ್ಬೊಬ್ಬರಾಗಿ ಬಗ್ಗಿ ಹುಲ್ಲನ್ನು ಸವರಿ ನೋಡತೊಡಗಿದರು. ಅವನು ತಿರುಗಿ ನೋಡಿದಾಗ ಅತ್ತೆ ಆಗಲೇ ದೂರದ ಮೂಲೆಯಲ್ಲಿ ಮಂಡಿಯೂರಿ ಏನನ್ನೋ ಕೀಳುತ್ತಿದ್ದರು.